ಫಟಫಟಿಯಿಂದ ಡಕಾರ್‌ವರೆಗೆ: ಒಬ್ಬ ಸವಾರನ ದಾರಿ

ಓಟದ ಆಸೆ ಮನುಷ್ಯನಿಗೆ ಹೊಸದಲ್ಲ. ನರೇಗಲ್ಲ, ರೋಣ, ಗಜೇಂದ್ರಗಡದ ಸೀಮೆಯಲ್ಲಿ ಕಾರ ಹುಣ್ಣಿಮೆಯ ದಿನ ಎತ್ತುಗಳಿಗೆ ಬಣ್ಣ ಹಚ್ಚಿ, ಕೊಂಬಿಗೆ ಗೊಂಡೆ ಕಟ್ಟಿ, ಕರಿ ಹರಿಯಲು ಬಿಟ್ಟಾಗ ಊರಿಗೆ ಊರೇ ಅಗಸಿಯ ಮುಂದೆ ನೆರೆಯುತ್ತದೆ. ಯಾವ ಬಣ್ಣದ ಎತ್ತು ಮುಂದೆ ಬಂತು ಎಂಬುದರ ಮೇಲೆ ಆ ವರ್ಷ ಮುಂಗಾರಿ ಕೈ ಹಿಡಿಯುವುದೋ ಹಿಂಗಾರಿ ಕೈ ಹಿಡಿಯುವುದೋ ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಓಟವೆಂದರೆ ನಮಗೆ ಬರಿಯ ಮೋಜಲ್ಲ. ಅದರಲ್ಲಿ ಪಳಗಿಸುವ ಶ್ರಮವಿದೆ, ಊರಿನ ಮರ್ಯಾದೆ ಇದೆ, ಸ್ವಲ್ಪ ಅಪಾಯವೂ ಇದೆ. ಎತ್ತು ಹಾಯುವ ದಾರಿಯಲ್ಲಿ ಮಕ್ಕಳನ್ನು ನಿಲ್ಲಗೊಡಬಾರದು ಎಂಬ ಎಚ್ಚರವೂ ಆ ಹಬ್ಬದ ಜೊತೆಗೇ ಬಂದದ್ದು.

ಎತ್ತಿನ ಜಾಗಕ್ಕೆ ಎಂಜಿನ್ನು ಬಂದ ಮೇಲೆ ಈ ಆಸೆ ಏನಾಯಿತು? ಉತ್ತರ ಕರ್ನಾಟಕದ ಜನ ಫಟಫಟಿ ಎಂದು ಕರೆದ ಮೋಟಾರ್ ಸೈಕಲ್ಲು ಮೊದಲು ಊರಿನ ಸಾಹುಕಾರರ ಮನೆಗೆ ಬಂತು, ಆಮೇಲೆ ಡಾಕ್ಟರರ, ಮಾಸ್ತರರ ಮನೆಗೆ, ಕೊನೆಗೆ ಹೊಲದ ಬದುವಿನವರೆಗೂ ಬಂತು. ವಾಹನವಾಗಿ ಅದನ್ನು ನಾವು ಬೇಗ ಒಪ್ಪಿಕೊಂಡೆವು. ಆದರೆ ಕ್ರೀಡೆಯ ಸಾಧನವಾಗಿ ಅದನ್ನು ಒಪ್ಪಿಕೊಂಡ ಕಥೆ ಬೇರೆ. ಅದು ತಡವಾಗಿ ನಡೆದ, ಕಷ್ಟದಿಂದ ನಡೆದ ಕಥೆ. ಆ ಕಥೆಯ ನಡುವೆ ನಿಲ್ಲುವ ಹೆಸರು ಬೆಂಗಳೂರಿನ ಸಿ. ಎಸ್. ಸಂತೋಷ್ ಅವರದು. ಜಗತ್ತಿನ ಅತ್ಯಂತ ಕಠಿಣ ರ‍್ಯಾಲಿ ಎಂದು ಹೆಸರಾದ ಡಕಾರ್ ರ‍್ಯಾಲಿಯನ್ನು ಕೊನೆಯವರೆಗೂ ಓಡಿಸಿ ಮುಗಿಸಿದ ಮೊದಲ ಭಾರತೀಯ ಸವಾರ ಅವರು. ಅವರ ವೃತ್ತಿಜೀವನವನ್ನು ನೋಡುವುದೆಂದರೆ, ಒಂದು ಕ್ರೀಡೆ ಒಂದು ನಾಡಿನಲ್ಲಿ ಬೇರು ಬಿಡಲು ಏನೇನು ಬೇಕು ಎಂಬುದನ್ನೂ ನೋಡಿದಂತೆ.

ಸ್ವೀಡನ್ನಿನ ಉದಾಹರಣೆ

ಹೋಲಿಕೆಗಾಗಿ ಮೊದಲು ಬಹು ದೂರದ ಒಂದು ನಾಡಿನತ್ತ ನೋಡೋಣ. ಯುರೋಪಿನ ಉತ್ತರದಲ್ಲಿರುವ ಸ್ವೀಡನ್ ದೇಶದಲ್ಲಿ ಸ್ಪೀಡ್‌ವೇ ಎಂಬ ಮೋಟಾರ್ ಸೈಕಲ್ ಪಂದ್ಯ ಜನಪ್ರಿಯವಾಗಿದೆ. ಮೊಟ್ಟೆಯಾಕಾರದ, ಸಡಿಲ ಮಣ್ಣಿನ ಓಟದ ಹಾದಿ. ಒಂದು ಸುತ್ತು ಮುನ್ನೂರು ಮೀಟರಿನ ಆಸುಪಾಸು. ಸಾಮಾನ್ಯವಾಗಿ ನಾಲ್ವರು ಸವಾರರು, ನಾಲ್ಕು ಸುತ್ತು. ಒಂದು ನಿಮಿಷದ ಆಸುಪಾಸಿನಲ್ಲಿ ಆಟ ಮುಗಿಯುತ್ತದೆ. ಆ ಗಾಡಿಗೆ ಬ್ರೇಕು ಇಲ್ಲ, ಒಂದೇ ಗೇರು, ಐನೂರು ಸಿ.ಸಿ. ಎಂಜಿನ್ನು, ಪೆಟ್ರೋಲಿನ ಬದಲು ಮೆಥನಾಲ್ ಇಂಧನ. ತಿರುವಿನಲ್ಲಿ ಸವಾರ ಹಿಂದಿನ ಗಾಲಿಯನ್ನು ಬೇಕೆಂದೇ ಜಾರಿಸುತ್ತಾನೆ. ಎಡಗಾಲನ್ನು ನೆಲಕ್ಕೆ ಊರಿ, ಹ್ಯಾಂಡಲನ್ನು ತಿರುವಿಗೆ ಎದುರಾಗಿ ಹಿಡಿದು, ಜಾರುತ್ತಲೇ ತಿರುಗುತ್ತಾನೆ. ನಮ್ಮ ಎರೆ ಹೊಲದ ದಾರಿಯಲ್ಲಿ ಮೊದಲ ಮಳೆಗೆ ಗಾಡಿ ಜಾರುವುದನ್ನು ಕಂಡವರಿಗೆ ಇದು ಎಂಥ ಕಸುಬು ಎಂಬುದು ಹೇಳದೆಯೇ ತಿಳಿದೀತು. ನಾವು ಹೆದರುವ ಜಾರುವಿಕೆಯನ್ನೇ ಅವರು ವಿದ್ಯೆ ಮಾಡಿಕೊಂಡರು.

ಈ ವಿದ್ಯೆಯಲ್ಲಿ ಸ್ವೀಡನ್ನಿಗೆ ಮೊದಲ ವಿಶ್ವಪಟ್ಟ ತಂದವರು ಓವೆ ಫುಂಡಿನ್. 1933ರಲ್ಲಿ ಹುಟ್ಟಿದ ಅವರು 1956, 1960, 1961, 1963 ಮತ್ತು 1967, ಹೀಗೆ ಐದು ಸಲ ವಿಶ್ವ ಚಾಂಪಿಯನ್ ಆದರು. ಅವರ ನಂತರ ಬ್ಯೋರ್ನ್ ಕ್ನುಟ್ಸನ್ 1965ರಲ್ಲಿ, ಆಂಡರ್ಸ್ ಮಿಖಾನೆಕ್ 1974ರಲ್ಲಿ ಗೆದ್ದರು. ಟೋನಿ ರಿಕಾರ್ಡ್‌ಸನ್ 1994ರಿಂದ 2005ರೊಳಗೆ ಆರು ಸಲ ಗೆದ್ದು, ನ್ಯೂಜಿಲೆಂಡಿನ ಐವನ್ ಮಾಗರ್ ಅವರ ದಾಖಲೆಗೆ ಸರಿಸಮನಾದರು.

ಈ ಗೆಲುವುಗಳ ಹಿಂದೆ ಇದ್ದದ್ದು ಒಬ್ಬ ಮನುಷ್ಯನ ಧೈರ್ಯ ಮಾತ್ರವಲ್ಲ. ಫುಂಡಿನ್ ಅವರಿಗೆ ಇಂಗ್ಲೆಂಡಿನ ನಾರ್ವಿಚ್ ನಗರದ ತಂಡ ಇತ್ತು. ಋತುವಿನ ಉದ್ದಕ್ಕೂ ಪಂದ್ಯಗಳಿದ್ದವು, ಟಿಕೆಟ್ಟು ಕೊಂಡು ಬರುವ ಪ್ರೇಕ್ಷಕರಿದ್ದರು, ಸಂಬಳ ಕೊಡುವ ಸಂಘಗಳಿದ್ದವು. ಸವಾರ ಬಿದ್ದರೆ ಎತ್ತಿಕೊಂಡು ಹೋಗುವವರು ಮೈದಾನದಲ್ಲೇ ಇರುತ್ತಿದ್ದರು. ಗಾಡಿ ಕಟ್ಟುವ ಕಾರ್ಖಾನೆಗಳಿದ್ದವು. ಅಂದರೆ ಗಾಡಿ, ಮೈದಾನ, ಸಂಘ, ವೈದ್ಯ, ಪ್ರೇಕ್ಷಕ ಎಂಬ ಐದು ಕೂಡಿದಾಗ ಮಾತ್ರ ಈ ಕ್ರೀಡೆಯಲ್ಲಿ ಒಬ್ಬ ಸವಾರ ತಯಾರಾಗುತ್ತಾನೆ. ಈ ಐದರಲ್ಲಿ ಕರ್ನಾಟಕದ ಬಳಿ ಏನಿತ್ತು?

ಮೈಸೂರಿನ ಗಾಡಿ

ಗಾಡಿ ಇತ್ತು. ಅದೂ ಸ್ಪೀಡ್‌ವೇ ಜಗತ್ತಿಗೆ ನಂಟಿದ್ದ ಗಾಡಿಯೇ ಇತ್ತು ಎಂಬುದು ಹಲವರಿಗೆ ತಿಳಿದಿರಲಿಕ್ಕಿಲ್ಲ. ಚೆಕೊಸ್ಲೊವಾಕಿಯದಲ್ಲಿ 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರರು ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ಲನ್ನು ತಯಾರಿಸುವ ಹಕ್ಕು ಕೊಂಡರು. ಎರಡೂ ಹೆಸರುಗಳ ಮೊದಲಕ್ಷರಗಳು ಸೇರಿ ಜಾವಾ ಎಂಬ ಹೆಸರಾಯಿತು. ಅದೇ ದೇಶದ ದಿವಿಶೋವ್ ಎಂಬ ಊರಿನಲ್ಲಿ ಎಸೊ ಎಂಬ ಇನ್ನೊಂದು ಕಾರ್ಖಾನೆ ಸ್ಪೀಡ್‌ವೇಗೆಂದೇ ಗಾಡಿ ಕಟ್ಟುತ್ತಿತ್ತು. 1964ರಲ್ಲಿ ಅದು ಜಾವಾದೊಡನೆ ಸೇರಿತು. ಮುಂದೆ ಐವನ್ ಮಾಗರ್ ಅವರಂಥ ವಿಶ್ವ ಚಾಂಪಿಯನ್ನರು ಓಡಿಸಿದ್ದು ಜಾವಾ ಹೆಸರಿನ ಗಾಡಿಗಳನ್ನೇ.

ಇದೇ ಜಾವಾ 1961ರಲ್ಲಿ ಮೈಸೂರಿನಲ್ಲಿ ತಯಾರಾಗತೊಡಗಿತು. ಇರಾನಿ ಮನೆತನದ ಉದ್ಯಮಿಗಳು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಗೆ ಮೈಸೂರಿನ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ ಆಶ್ರಯವೂ ಇತ್ತು. ಮೊದಲು ಜಾವಾ ಎಂಬ ಹೆಸರಿನಲ್ಲಿ, ಎಪ್ಪತ್ತರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಆ ಗಾಡಿಗಳು ದೇಶದ ಮೂಲೆಮೂಲೆಗೂ ಹೋದವು. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್ ಬಹು ಜನಪ್ರಿಯವಾಯಿತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಆ ಎರಡು ಸ್ಟ್ರೋಕಿನ ಎಂಜಿನ್ನು, ಎರಡೂ ಬದಿಗೆ ಚಾಚಿದ ಎರಡು ಸೈಲೆನ್ಸರು, ಗೇರು ಹಾಕುವ ಕಡ್ಡಿಯನ್ನೇ ತಿರುಗಿಸಿ ಕಿಕ್ ಹೊಡೆಯುವ ವ್ಯವಸ್ಥೆ, ಇವನ್ನೆಲ್ಲ ಬಲ್ಲ ಮೆಕ್ಯಾನಿಕರು ನಮ್ಮ ತಾಲೂಕು ಊರುಗಳಲ್ಲಿ ಈಗಲೂ ಸಿಗುತ್ತಾರೆ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಜಪಾನಿನ ತಂತ್ರಜ್ಞಾನದ, ಕಡಿಮೆ ಪೆಟ್ರೋಲು ಕುಡಿಯುವ ನೂರು ಸಿ.ಸಿ. ಗಾಡಿಗಳ ಮುಂದೆ ಅದು ನಿಲ್ಲಲಿಲ್ಲ. ಹೊಗೆಯ ಮೇಲಿನ ನಿಯಮಗಳೂ ಬಿಗಿಯಾದವು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮರಳಿ ಮಾರುಕಟ್ಟೆಗೆ ಬಂದದ್ದು ಬೇರೊಂದು ಕಂಪನಿಯ ಮೂಲಕ.

ಹೀಗೆ ಗಾಡಿ ನಮ್ಮಲ್ಲೇ ತಯಾರಾಯಿತು. ಮೈದಾನ ಮಾತ್ರ ಇರಲಿಲ್ಲ. ಕರ್ನಾಟಕದ ಸವಾರರು ಸ್ಪರ್ಧೆಗೆಂದು ಮದರಾಸಿನ ಹತ್ತಿರದ ಶೋಲಾವರಂಗೆ ಹೋಗುತ್ತಿದ್ದರು. ಅದು ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಹಾದಿ. ಮುಂದೆ 1990ರಲ್ಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ, ಆ ಬಳಿಕ 2003ರಲ್ಲಿ ಕೊಯಮತ್ತೂರಿನಲ್ಲಿ ಓಟದ ಹಾದಿಗಳು ಆದವು. ಮೂರೂ ತಮಿಳುನಾಡಿನಲ್ಲಿ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಕೆ-1000 ಎಂಬ ರ‍್ಯಾಲಿಯನ್ನು ನಡೆಸಿ ನಮ್ಮ ನಾಡಿನಲ್ಲಿ ಈ ಕ್ರೀಡೆಯ ದೀಪ ಆರದಂತೆ ನೋಡಿಕೊಂಡಿತು. ಆದರೆ ಒಬ್ಬ ಹುಡುಗ ಸಂಜೆ ಶಾಲೆ ಬಿಟ್ಟ ಮೇಲೆ ಹೋಗಿ ಕಲಿಯಬಹುದಾದ ಜಾಗ ಎಂಬುದೊಂದು ಇರಲಿಲ್ಲ.

ಮಣ್ಣಿನ ಹಾದಿಯಿಂದ ಮರಳಿಗೆ

ಇಂಥ ಸ್ಥಿತಿಯಲ್ಲಿ ಬೆಳೆದವರು ಸಂತೋಷ್. 1983ರಲ್ಲಿ ಹುಟ್ಟಿದ ಅವರು ಮೊದಲು ಹೆಸರು ಮಾಡಿದ್ದು ಮೋಟೋಕ್ರಾಸ್ ಮತ್ತು ಸೂಪರ್‌ಕ್ರಾಸ್ ಸ್ಪರ್ಧೆಗಳಲ್ಲಿ. ಮೋಟೋಕ್ರಾಸ್ ಎಂದರೆ ಏರು, ತಗ್ಗು, ದಿಬ್ಬಗಳಿರುವ ಮಣ್ಣಿನ ಹಾದಿಯಲ್ಲಿ ನಡೆಯುವ ಓಟ. ಸೂಪರ್‌ಕ್ರಾಸ್ ಅದನ್ನೇ ಕ್ರೀಡಾಂಗಣದೊಳಗೆ ಲಾರಿಗಟ್ಟಲೆ ಮಣ್ಣು ತಂದು ಸುರಿದು ಮಾಡುವ ಆಟ. ನಮ್ಮ ದೇಶದಲ್ಲಿ ಟಯರು ಕಂಪನಿಗಳು, ಗಾಡಿ ಕಂಪನಿಗಳು ಮುಂದೆ ನಿಂತು ಈ ಸ್ಪರ್ಧೆಗಳನ್ನು ನಡೆಸಿದವು. ದಿಬ್ಬದ ಮೇಲೆ ಗಾಳಿಯಲ್ಲಿ ಹಾರಿ ಇಳಿಯುವಾಗ ಗಾಡಿಯ ಭಾರವನ್ನು ಮೊಣಕಾಲು, ಸೊಂಟ, ತೋಳು ಹಂಚಿಕೊಳ್ಳಬೇಕು. ಈ ಪಾಠವನ್ನು ಸಂತೋಷ್ ವರ್ಷಗಟ್ಟಲೆ ಕಲಿತರು, ರಾಷ್ಟ್ರ ಮಟ್ಟದಲ್ಲಿ ಗೆದ್ದರು.

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಅವರು ದೂರದ ರ‍್ಯಾಲಿಗಳತ್ತ ತಿರುಗಿದರು. ರೇಡ್ ದ ಹಿಮಾಲಯ ಎಂಬ ಸ್ಪರ್ಧೆಯಲ್ಲಿ ಸವಾರರು ಹಿಮಾಚಲ, ಲಡಾಖುಗಳ ಕಣಿವೆಗಳನ್ನು ದಾಟುತ್ತಾರೆ. ಹದಿನಾರು ಹದಿನೇಳು ಸಾವಿರ ಅಡಿಯ ಎತ್ತರದಲ್ಲಿ ಎಂಜಿನ್ನಿಗೂ ಉಸಿರಿಲ್ಲ, ಸವಾರನಿಗೂ ಉಸಿರಿಲ್ಲ. ರಾತ್ರಿ ಹೆಪ್ಪುಗಟ್ಟಿದ ನೀರು ಬೆಳಗಿನ ಹಾದಿಯಲ್ಲಿ ಗಾಜಿನಂತೆ ಕಾದಿರುತ್ತದೆ. ಆ ಸ್ಪರ್ಧೆಯನ್ನು ಗೆದ್ದ ಸಂತೋಷ್ 2013ರಲ್ಲಿ ಅಬುಧಾಬಿಯ ಮರಳುಗಾಡಿನ ರ‍್ಯಾಲಿಗೆ ಹೋದರು. ಹಿಮಾಲಯದ ಕಲ್ಲು ಬಲ್ಲವನಿಗೂ ಮರಳು ಹೊಸ ಪಾಠ. ಮರಳ ದಿನ್ನೆಯ ಒಂದು ಮಗ್ಗುಲು ಇಳಿಜಾರು, ಇನ್ನೊಂದು ಮಗ್ಗುಲು ಗೋಡೆ. ತುದಿ ಮುಟ್ಟುವವರೆಗೆ ಆಚೆ ಏನಿದೆ ಎಂದು ಕಾಣುವುದಿಲ್ಲ. ವೇಗ ಕಡಿಮೆಯಾದರೆ ಗಾಲಿ ಹೂತುಹೋಗುತ್ತದೆ, ಹೆಚ್ಚಾದರೆ ಸವಾರ ಆಚೆಗೆ ಎಸೆಯಲ್ಪಡುತ್ತಾನೆ.

ಡಕಾರ್ ಎಂದರೇನು?

ಈ ರ‍್ಯಾಲಿಯ ಹುಟ್ಟಿನಲ್ಲೇ ದಾರಿ ತಪ್ಪಿದವನ ಕಥೆ ಇದೆ. 1977ರಲ್ಲಿ ತಿಯೆರಿ ಸಬೀನ್ ಎಂಬ ಫ್ರೆಂಚ್ ಸವಾರ ಒಂದು ಸ್ಪರ್ಧೆಯಲ್ಲಿ ಲಿಬಿಯಾದ ಮರಳುಗಾಡಿನಲ್ಲಿ ಕಳೆದುಹೋದರು. ಬದುಕಿ ಬಂದ ಅವರು ಆ ಮರಳಿನ ನೆನಪನ್ನು ಬಿಡಲಾರದೆ, ಪ್ಯಾರಿಸ್ಸಿನಿಂದ ಸೆನೆಗಲ್ ದೇಶದ ರಾಜಧಾನಿ ಡಕಾರಿನವರೆಗೆ ಒಂದು ರ‍್ಯಾಲಿಯನ್ನು ಯೋಜಿಸಿದರು. ಮೊದಲ ಓಟ 1978ರ ಡಿಸೆಂಬರ್ 26ರಂದು ಹೊರಟಿತು. 1986ರಲ್ಲಿ ಅದೇ ರ‍್ಯಾಲಿಯ ಸಮಯದಲ್ಲಿ ಹೆಲಿಕಾಪ್ಟರು ಬಿದ್ದು ಸಬೀನ್ ತೀರಿಕೊಂಡರು. 2008ರಲ್ಲಿ ಭದ್ರತೆಯ ಭಯದಿಂದ ರ‍್ಯಾಲಿ ರದ್ದಾಯಿತು. 2009ರಿಂದ 2019ರವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆಯಿತು, 2020ರಲ್ಲಿ ಸೌದಿ ಅರೇಬಿಯಕ್ಕೆ ಹೋಯಿತು. ಡಕಾರ್ ಊರು ದಾರಿಯಿಂದ ಬಿಟ್ಟುಹೋದರೂ ಹೆಸರು ಮಾತ್ರ ಉಳಿಯಿತು.

ಎರಡು ವಾರ, ಎಂಟು ಹತ್ತು ಸಾವಿರ ಕಿಲೋಮೀಟರು. ದಿನದ ಓಟದಲ್ಲಿ ಎರಡು ಭಾಗ. ಒಂದು ಸಾಮಾನ್ಯ ರಸ್ತೆಯಲ್ಲಿ ಕಾನೂನಿನ ವೇಗದಲ್ಲಿ ಹೋಗಬೇಕಾದ ಸಂಪರ್ಕದ ದಾರಿ. ಇನ್ನೊಂದು ಗಡಿಯಾರದ ಲೆಕ್ಕದಲ್ಲಿ ಓಡಿಸುವ ಸ್ಪರ್ಧೆಯ ದಾರಿ. ಸ್ಪರ್ಧೆಯ ದಾರಿಯನ್ನು ಮೊದಲೇ ನೋಡಿಕೊಳ್ಳಲು ಬಿಡುವುದಿಲ್ಲ. ಸವಾರನ ಮುಂದೆ ಹ್ಯಾಂಡಲಿನ ಮೇಲೆ ಒಂದು ಪೆಟ್ಟಿಗೆ. ಅದರೊಳಗೆ ಸುರುಳಿ ಸುತ್ತಿದ ದಾರಿಪಟ್ಟಿ. ಇಷ್ಟು ದೂರಕ್ಕೆ ಒಣ ಹಳ್ಳ, ಇಷ್ಟು ದೂರಕ್ಕೆ ಎಡಕ್ಕೆ ತಿರುವು, ಇಲ್ಲಿ ಅಪಾಯ ಎಂದು ಅದರಲ್ಲಿ ಗುರುತು ಇರುತ್ತದೆ. ನಿಂತೇ ಗಾಡಿ ಓಡಿಸುತ್ತ, ಅದನ್ನು ಓದುತ್ತ, ದೂರದ ಲೆಕ್ಕ ಇಡುತ್ತ ಸಾಗಬೇಕು. ಸಂತೋಷ್ ಮೊದಲು ಹೋದ ಕಾಲದಲ್ಲಿ ಅದು ಕಾಗದದ ಸುರುಳಿ. ಮುಂದೆ ಅದರ ಜಾಗಕ್ಕೆ ವಿದ್ಯುನ್ಮಾನ ಫಲಕ ಬಂತು. ಗಾಡಿಯ ಎಂಜಿನ್ನು 450 ಸಿ.ಸಿ. ಮೀರುವಂತಿಲ್ಲ. ಮೂವತ್ತು ಲೀಟರಿಗೂ ಮಿಗಿಲು ಇಂಧನ ತುಂಬಿದ ಆ ಗಾಡಿ ಮರಳಲ್ಲಿ ಬಿದ್ದರೆ ಎತ್ತಿ ನಿಲ್ಲಿಸುವ ಕೆಲಸವೂ ಸವಾರನದೇ. ಮ್ಯಾರಥಾನ್ ಎಂದು ಕರೆಯುವ ಕೆಲವು ಹಂತಗಳಲ್ಲಿ ರಾತ್ರಿ ಮೆಕ್ಯಾನಿಕರ ಸಹಾಯ ಪಡೆಯುವಂತಿಲ್ಲ; ಸವಾರನೇ ಪಾನ ಹಿಡಿದು ಕೂರಬೇಕು.

2015ರ ಜನವರಿ

2015ರ ಜನವರಿ 4ರಂದು ಅರ್ಜೆಂಟೀನದ ಬ್ಯೂನಸ್ ಐರಿಸ್ಸಿನಿಂದ ಡಕಾರ್ ಹೊರಟಾಗ ಸಂತೋಷ್ ಕೆ.ಟಿ.ಎಂ. ಗಾಡಿಯ ಮೇಲೆ ಸಾಲಿನಲ್ಲಿದ್ದರು. ದಾರಿ ಅರ್ಜೆಂಟೀನ, ಚಿಲಿ, ಬೊಲಿವಿಯಗಳ ಮೂಲಕ ಸುತ್ತಿ ಮತ್ತೆ ಬ್ಯೂನಸ್ ಐರಿಸ್ಸಿಗೇ ಬರುವಂಥದ್ದು. ಮೂರನೆಯ ದಿನವೇ ಪೋಲೆಂಡಿನ ಸವಾರ ಮಿಖಾವ್ ಹೆರ್ನಿಕ್ ದಾರಿಯಲ್ಲಿ ಮೃತಪಟ್ಟ ಸುದ್ದಿ ಬಂತು. ಸುದ್ದಿ ಕೇಳಿದ ಮರುದಿನವೂ ಉಳಿದವರು ಹೊರಡಬೇಕಿತ್ತು.

ಬೊಲಿವಿಯದ ಊಯುನಿ ಎಂಬಲ್ಲಿ ಜಗತ್ತಿನ ಅತಿ ದೊಡ್ಡ ಉಪ್ಪಿನ ಬಯಲಿದೆ. ಸಮುದ್ರಮಟ್ಟದಿಂದ ಸುಮಾರು ಹನ್ನೆರಡು ಸಾವಿರ ಅಡಿ ಎತ್ತರ. ಆ ವರ್ಷ ಅಲ್ಲಿ ಮಳೆ ಬಿದ್ದು, ಉಪ್ಪಿನ ಮೇಲೆ ನೀರು ನಿಂತಿತ್ತು. ಉಪ್ಪುನೀರು ಎಂಜಿನ್ನಿನ ಮೇಲೆ ಹೊರೆಯಾಗಿ ಹೆಪ್ಪುಗಟ್ಟಿತು, ವಿದ್ಯುತ್ ತಂತಿಗಳೊಳಗೆ ಇಳಿಯಿತು. ಮುಂಚೂಣಿಯಲ್ಲಿದ್ದ ಸ್ಪೇನಿನ ಜೋನ್ ಬರೆಡ ಅವರ ಗಾಡಿಯೇ ಅಲ್ಲಿ ಕೈಕೊಟ್ಟಿತು. ದೊಡ್ಡ ತಂಡಗಳ ಆಸರೆ ಇದ್ದವರೂ ತತ್ತರಿಸಿದ ಆ ದಿನವನ್ನು ದಾಟಿ, ಅಟಕಾಮ ಮರಳುಗಾಡನ್ನು ದಾಟಿ, ಜನವರಿ 17ರಂದು ಸಂತೋಷ್ ಗುರಿ ಮುಟ್ಟಿದರು. ಅಂತಿಮ ಪಟ್ಟಿಯಲ್ಲಿ ಅವರದು 36ನೆಯ ಸ್ಥಾನ.

ಮೂವತ್ತಾರನೆಯವನನ್ನು ಹೊಗಳುವುದೇಕೆ ಎಂದು ಕೇಳುವವರಿದ್ದಾರೆ. ಪದಕದ ಲೆಕ್ಕದಿಂದ ನೋಡಿದರೆ ಆ ಪ್ರಶ್ನೆ ಸರಿ. ಆದರೆ ಡಕಾರಿನಲ್ಲಿ ಹೊರಟ ಸವಾರರಲ್ಲಿ ದೊಡ್ಡದೊಂದು ಪಾಲು ಕೊನೆ ಮುಟ್ಟುವುದೇ ಇಲ್ಲ. ಮೊದಲ ಸಲ ಬಂದವರಲ್ಲಿ ಮುಗಿಸುವವರು ಇನ್ನೂ ಕಡಿಮೆ. ಅಲ್ಲಿಯವರೆಗೆ ಭಾರತದ ಯಾವ ಸವಾರನೂ ಅದನ್ನು ಮುಗಿಸಿರಲಿಲ್ಲ. ಕೇಳಿ ತಿಳಿಯೋಣವೆಂದರೆ ಮುಗಿಸಿದವರು ಈ ದೇಶದಲ್ಲಿ ಇರಲಿಲ್ಲ. ಬಾವಿ ತೋಡುವವನಿಗೆ ಮೊದಲ ನೀರು ಸಿಕ್ಕಾಗ ಅದು ಎಷ್ಟು ಕೊಡ ಎಂದು ಯಾರೂ ಅಳೆಯುವುದಿಲ್ಲ. ಇಲ್ಲಿ ನೀರಿದೆ ಎಂಬುದೇ ಸುದ್ದಿ. 36 ಎಂಬ ಅಂಕಿಯ ಅರ್ಥವೂ ಅದೇ.

ತಂಡ, ಗೆಳೆಯರು, ಸಾವು

2016ರಲ್ಲಿ ಸುಜುಕಿ ಗಾಡಿಯೊಡನೆ ಹೋದ ಅವರಿಗೆ ಓಟ ಮುಗಿಸಲಾಗಲಿಲ್ಲ. ಅದೇ ವರ್ಷ ಹೀರೋ ಕಂಪನಿ ಜರ್ಮನಿಯ ಸ್ಪೀಡ್‌ಬ್ರೈನ್ ಸಂಸ್ಥೆಯೊಡನೆ ಸೇರಿ ಒಂದು ರ‍್ಯಾಲಿ ತಂಡ ಕಟ್ಟಿತು. ಪೋರ್ಚುಗಲ್ಲಿನ ಜೋಕಿಮ್ ರೋಡ್ರಿಗ್ಸ್ ಅವರ ಜೊತೆಗೆ ಸಂತೋಷ್ ಆ ತಂಡದ ಸವಾರರಾದರು. 2017ರಲ್ಲಿ 47ನೆಯ ಸ್ಥಾನ, 2018ರಲ್ಲಿ 34ನೆಯ ಸ್ಥಾನ. ಹೀಗೆ ಮೂರು ಸಲ ಅವರು ಡಕಾರನ್ನು ಮುಗಿಸಿದರು. 2019ರಲ್ಲಿ ಪೆರುವಿನ ಮರಳಿನಲ್ಲಿ ಬಿದ್ದು ನಡುವೆಯೇ ನಿಲ್ಲಬೇಕಾಯಿತು.

2020ರಲ್ಲಿ ಸೌದಿ ಅರೇಬಿಯದಲ್ಲಿ ನಡೆದದ್ದು ತಂಡಕ್ಕೆ ದೊಡ್ಡ ಪೆಟ್ಟು. ಜನವರಿ 12ರಂದು ಅವರದೇ ತಂಡದ ಹಿರಿಯ ಸವಾರ, ಪೋರ್ಚುಗಲ್ಲಿನ ಪೌಲೊ ಗೊನ್ಸಾಲ್ವಿಸ್ ಬಿದ್ದು ಮೃತರಾದರು. ಅವರು ರೋಡ್ರಿಗ್ಸ್ ಅವರಿಗೆ ಹತ್ತಿರದ ನೆಂಟರೂ ಆಗಿದ್ದರು. ಹೀರೋ ತಂಡ ಆ ವರ್ಷದ ಓಟದಿಂದ ಹಿಂದೆ ಸರಿಯಿತು. ಗೆಲ್ಲುವುದಕ್ಕಿಂತ ದೊಡ್ಡದು ಒಂದಿದೆ ಎಂದು ಒಪ್ಪಿಕೊಳ್ಳುವುದೂ ಕ್ರೀಡೆಯ ಘನತೆಯೇ.

ಮರುವರ್ಷ ಸಂತೋಷ್ ಮತ್ತೆ ಹೋದರು. 2021ರ ಜನವರಿ 6ರಂದು, ವಾದಿ ಅದ್ದವಾಸಿರಿನಿಂದ ರಿಯಾದಿನತ್ತ ಸಾಗುವ ನಾಲ್ಕನೆಯ ಹಂತದಲ್ಲಿ ಅವರು ಜೋರಾಗಿ ಬಿದ್ದರು. ತಲೆಗೆ ಪೆಟ್ಟು ಬಿತ್ತು. ಹೆಲಿಕಾಪ್ಟರಿನಲ್ಲಿ ರಿಯಾದಿನ ಆಸ್ಪತ್ರೆಗೆ ಸಾಗಿಸಿದರು. ವೈದ್ಯರು ಮೆದುಳಿಗೆ ವಿಶ್ರಾಂತಿ ಕೊಡಲೆಂದು ಔಷಧದಿಂದ ಅವರನ್ನು ಪ್ರಜ್ಞಾಹೀನ ಸ್ಥಿತಿಯಲ್ಲಿ ಇರಿಸಿದರು. ಅತ್ತ ಮರುಭೂಮಿಯಲ್ಲಿ ಓಟ ಮುಂದುವರಿದಿತ್ತು. ಇತ್ತ ಬೆಂಗಳೂರಿನಲ್ಲಿ ಒಂದು ಮನೆ ದೂರವಾಣಿಯ ಮುಂದೆ ಕಾದಿತ್ತು. ಅದೇ ರ‍್ಯಾಲಿಯಲ್ಲಿ ಬಿದ್ದ ಫ್ರಾನ್ಸಿನ ಪಿಯೆರ್ ಶೆರ್ಪ್ಯಾ ಬದುಕುಳಿಯಲಿಲ್ಲ. ಸಂತೋಷ್ ಪ್ರಜ್ಞೆಗೆ ಬಂದರು, ತಾಯ್ನಾಡಿಗೆ ಮರಳಿದರು, ನಿಧಾನವಾಗಿ ಚೇತರಿಸಿಕೊಂಡರು.

ಇಲ್ಲೊಂದು ಮಾತನ್ನು ನೇರವಾಗಿ ಕೇಳಿಕೊಳ್ಳಬೇಕು. ಇಷ್ಟು ಬೆಲೆ ತೆರುವ ಆಟ ನಮಗೆ ಬೇಕೇ? ಸ್ವೀಡನ್ನಿನಲ್ಲೂ ಈ ಪ್ರಶ್ನೆ ಎದ್ದಿದೆ. 1990ರಲ್ಲಿ ವಿಶ್ವ ಚಾಂಪಿಯನ್ ಆದ ಪೇರ್ ಯೋನ್ಸನ್ 1994ರಲ್ಲಿ ಪೋಲೆಂಡಿನ ಪಂದ್ಯವೊಂದರಲ್ಲಿ ಬಿದ್ದು, ನಡೆಯುವ ಶಕ್ತಿಯನ್ನೇ ಕಳೆದುಕೊಂಡರು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಗೆದ್ದವರ ಪಟ್ಟಿಯನ್ನು ಓದುವಾಗ ಈ ಹೆಸರುಗಳನ್ನು ಬಿಟ್ಟು ಓದಿದರೆ ಇತಿಹಾಸ ಅರ್ಧವಾಗುತ್ತದೆ.

ಅಪಾಯ ಮತ್ತು ಎಚ್ಚರ

ಉತ್ತರ ಹುಡುಕುವಾಗ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಡಕಾರಿನ ಸವಾರ ತಲೆಗೆ ಹೆಲ್ಮೆಟ್, ಕುತ್ತಿಗೆಗೆ ಪಟ್ಟಿ, ಎದೆ ಬೆನ್ನುಗಳಿಗೆ ಕವಚ, ಮೊಣಕಾಲಿಗೆ ಗಟ್ಟಿ ಬಂಧ, ಪಾದಕ್ಕೆ ಗಡುಸಾದ ಬೂಟು ಧರಿಸಿರುತ್ತಾನೆ. 2021ರಿಂದ, ಬೀಳುತ್ತಿದ್ದಂತೆ ಗಾಳಿ ತುಂಬಿಕೊಳ್ಳುವ ಅಂಗಿಯನ್ನೂ ಮೋಟಾರ್ ಸೈಕಲ್ ಸವಾರರಿಗೆ ಕಡ್ಡಾಯ ಮಾಡಿದರು. ಬಿದ್ದ ಜಾಗವನ್ನು ಉಪಗ್ರಹದ ಮೂಲಕ ತಿಳಿಸುವ ಸಾಧನ ಗಾಡಿಯಲ್ಲಿರುತ್ತದೆ. ಹೆಲಿಕಾಪ್ಟರಿನಲ್ಲಿ ವೈದ್ಯರು ಸಿದ್ಧರಿರುತ್ತಾರೆ. ಬಿದ್ದವನನ್ನು ಕಂಡ ಸ್ಪರ್ಧಿ ತಾನು ನಿಂತು ಸಹಾಯ ಮಾಡಿದರೆ ಕಳೆದ ಸಮಯವನ್ನು ಸಂಘಟಕರು ಅವನಿಗೆ ಮರಳಿ ಕೊಡುತ್ತಾರೆ. ಸಂತೋಷ್ ಅವರ ಜೀವ ಉಳಿದದ್ದರಲ್ಲಿ ದೈವದ ಪಾಲೆಷ್ಟೋ, ಇಂಥ ವ್ಯವಸ್ಥೆಯ ಪಾಲೂ ಅಷ್ಟೇ ಇದೆ.

ಈಗ ನಮ್ಮ ರಸ್ತೆಗಳನ್ನು ನೋಡೋಣ. ಗದಗಿನಿಂದ ನರೇಗಲ್ಲ ದಾಟಿ ಗಜೇಂದ್ರಗಡದ ಕಡೆಗೆ ಹೋಗುವ ದಾರಿಯಲ್ಲಿ ಶೇಂಗಾ, ಕಡಲೆ, ಹತ್ತಿ ಹೇರಿದ ಟ್ರ್ಯಾಕ್ಟರು ಬರುತ್ತದೆ, ಕುರಿಮಂದೆ ಬರುತ್ತದೆ, ಜೋಳದ ಕಣಿಕೆ ಹೊತ್ತ ಬಂಡಿ ಬರುತ್ತದೆ, ಸಾಲಿ ಬಿಟ್ಟ ಮಕ್ಕಳು ಬರುತ್ತಾರೆ. ಅದೇ ದಾರಿಯಲ್ಲಿ ಬರಿ ತಲೆಯಲ್ಲಿ, ಚಪ್ಪಲಿ ಕಾಲಿನಲ್ಲಿ, ಮೂವರು ಕೂತು ಮುಂದಿನ ಗಾಲಿ ಎತ್ತಿ ಓಡಿಸುವ ಹುಡುಗನಿಗೆ ಡಕಾರಿನ ಸವಾರನಿಗಿಂತ ಹೆಚ್ಚಿನ ಅಪಾಯವಿದೆ. ಅವನಷ್ಟೇ ಅಲ್ಲ, ಎದುರಿಗೆ ಬರುವ, ಆಟ ಆಡಲು ಒಪ್ಪದ ಮನುಷ್ಯನಿಗೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮು ಅನುಮತಿ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಓಟದ ಪಂದ್ಯ ನಡೆಸುವುದನ್ನು ಅಪರಾಧವೆನ್ನುತ್ತದೆ. 129ನೆಯ ಕಲಮು ಹೆಲ್ಮೆಟ್ ಕಡ್ಡಾಯ ಎನ್ನುತ್ತದೆ. ಕಾನೂನು ಸಾಕಷ್ಟಿದೆ. ಹುಡುಗನಿಗೆ ಬೇಡ ಎಂದು ಹೇಳಲು ನಮ್ಮ ಬಳಿ ಪೊಲೀಸರಿದ್ದಾರೆ. ಇಲ್ಲಿ ಬಾ, ಇಲ್ಲಿ ಕಲಿ ಎಂದು ಹೇಳಲು ಜಾಗವಿಲ್ಲ.

ಕ್ರೀಡೆ ಅಪಾಯವನ್ನು ಹುಟ್ಟಿಸುವುದಿಲ್ಲ. ಮೊದಲೇ ಇರುವ ಅಪಾಯಕ್ಕೆ ಬೇಲಿ ಹಾಕುತ್ತದೆ. ಎಲ್ಲಿ ಓಡಿಸಬೇಕು, ಯಾರೊಡನೆ ಓಡಿಸಬೇಕು, ಏನು ತೊಟ್ಟು ಓಡಿಸಬೇಕು, ಬಿದ್ದರೆ ಯಾರು ಎತ್ತಬೇಕು ಎಂಬ ನಿಯಮ ಬಂದಾಗ ಪುಂಡಾಟ ಕ್ರೀಡೆಯಾಗುತ್ತದೆ. ಕರಿ ಹರಿಯುವ ಎತ್ತಿಗೂ ದಿನವಿದೆ, ದಾರಿ ಇದೆ. ಸಂತೆಯ ನಡುವೆ ಯಾರೂ ಎತ್ತು ಓಡಿಸುವುದಿಲ್ಲ.

ಹಿಂದೆ ಬಂದವರು

ಒಬ್ಬರು ದಾರಿ ಮಾಡಿದರೆ ಮತ್ತೊಬ್ಬರಿಗೆ ಅದು ಹಾದಿ. ಉಡುಪಿಯ ಕೆ. ಪಿ. ಅರವಿಂದ್ 2017ರಲ್ಲಿ, 2018ರಲ್ಲಿ ಡಕಾರಿಗೆ ಹೋಗಿ ಮುಗಿಸಲಾಗದೆ ಮರಳಿದರು; 2019ರಲ್ಲಿ ಮೂರನೆಯ ಸಲ ಹೋಗಿ 37ನೆಯವರಾಗಿ ಮುಗಿಸಿದರು. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2018ರಲ್ಲಿ ಸ್ಪೇನಿನ ಬಾಹಾ ಸ್ಪರ್ಧೆಯಲ್ಲಿ ಬಿದ್ದು ಹೊಟ್ಟೆಯೊಳಗೆ ಗಂಭೀರ ಪೆಟ್ಟು ಮಾಡಿಕೊಂಡವರು. ಮರುವರ್ಷ, 2019ರಲ್ಲಿ, ದುಬೈ, ಪೋರ್ಚುಗಲ್, ಸ್ಪೇನ್, ಹಂಗೆರಿಗಳ ಸುತ್ತುಗಳಲ್ಲಿ ಅಂಕ ಕೂಡಿಸಿ ಮಹಿಳೆಯರ ಬಾಹಾ ವಿಶ್ವ ಕಪ್ ಗೆದ್ದರು. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಮಟ್ಟದ ಪಟ್ಟ ಗೆದ್ದ ಮೊದಲ ಭಾರತೀಯರು ಅವರು. ಪಕ್ಕದ ಕೇರಳದ ಹರಿತ್ ನೋವಾ 2024ರ ಡಕಾರಿನಲ್ಲಿ 11ನೆಯ ಸ್ಥಾನಕ್ಕೇರಿ, ತಮ್ಮ ವರ್ಗದಲ್ಲಿ ಮೊದಲಿಗರಾದರು. 2015ರ 36ರಿಂದ 2024ರ 11ಕ್ಕೆ ಬರಲು ಈ ದೇಶಕ್ಕೆ ಒಂಬತ್ತು ವರ್ಷ ಸಾಕಾಯಿತು. ಮೊದಲ 36ಕ್ಕೆ ಬರಲು ಮಾತ್ರ ಮೂವತ್ತಾರು ವರ್ಷ ಹಿಡಿದಿತ್ತು.

ಸಂತೋಷ್ ಅವರು ಮಾಡಿದ ಇನ್ನೊಂದು ಕೆಲಸ ಪತ್ರಿಕೆಗಳಲ್ಲಿ ಅಷ್ಟಾಗಿ ಬರಲಿಲ್ಲ. ಕೋಲಾರದ ಸೀಮೆಯಲ್ಲಿ ಬಿಗ್ ರಾಕ್ ಎಂಬ ಹೆಸರಿನ ಮಣ್ಣಿನ ಮೈದಾನವೊಂದನ್ನು ಅವರು ಕಟ್ಟಿದರು. ಅಲ್ಲಿ ಹೊಸಬರು ಮೊದಲು ಕಲಿಯುವುದು ವೇಗವನ್ನಲ್ಲ. ಗಾಡಿಯ ಮೇಲೆ ನಿಲ್ಲುವುದನ್ನು, ನೋಟ ಎಲ್ಲಿಡಬೇಕೆಂಬುದನ್ನು, ಬ್ರೇಕು ಹಿಡಿಯುವುದನ್ನು. ತನಗೆ ಸಿಗದೆ ಹೋದ ಮೈದಾನವನ್ನು ಮುಂದಿನವರಿಗೆ ಕಟ್ಟಿಕೊಟ್ಟದ್ದು ಅವರ ಮೂರು ಡಕಾರುಗಳಿಗಿಂತ ಕಡಿಮೆಯ ಸಾಧನೆಯಲ್ಲ.

ಐದು ಸಂಗತಿಗಳ ಮಾತನ್ನು ಮೊದಲು ಹೇಳಿದೆವು. ಗಾಡಿ ನಮಗೆ 1961ರಲ್ಲೇ ಬಂತು. ಸಂಘ ಬೆಂಗಳೂರಿನಲ್ಲಿ ಹುಟ್ಟಿತು. ಮೈದಾನ ಕೋಲಾರದವರೆಗೆ ಬಂದಿದೆ. ಪ್ರೇಕ್ಷಕರು ಬೇಕಾದಷ್ಟಿದ್ದಾರೆ, ಖಾಲಿ ಗಾಡಾ ಓಡಿಸುವ ಸ್ಪರ್ಧೆಗೆ ನಮ್ಮ ಊರುಗಳಲ್ಲಿ ಸೇರುವ ಜನವೇ ಸಾಕ್ಷಿ. ವೈದ್ಯರೂ ಆಂಬುಲೆನ್ಸೂ ಮೈದಾನದ ಅಂಚಿನಲ್ಲಿ ನಿಲ್ಲುವ ಪದ್ಧತಿ ನಮ್ಮ ಗ್ರಾಮೀಣ ಸ್ಪರ್ಧೆಗಳಿಗೆ ಇನ್ನೂ ಬರಬೇಕಾಗಿದೆ. ಬೀಳು ಬಿದ್ದ ಒಂದೆರಡು ಎಕರೆ, ಹಾಸಿದ ಮಣ್ಣು, ಸುತ್ತ ಒಂದು ಬೇಲಿ, ತಿಳಿದ ಒಬ್ಬ ತರಬೇತುದಾರ, ಬಾಗಿಲಲ್ಲಿ ಹೆಲ್ಮೆಟ್ ಇಲ್ಲದವನನ್ನು ಒಳಗೆ ಬಿಡದ ಒಬ್ಬ ಮನುಷ್ಯ. ಇದಕ್ಕೆ ಕೋಟಿಗಳು ಬೇಕಿಲ್ಲ. ಜಿಲ್ಲೆಗೊಂದು ಇಂಥ ಜಾಗ ಆದರೆ, ಅದರಿಂದ ಇನ್ನೊಬ್ಬ ಡಕಾರ್ ಸವಾರ ಬರಬಹುದು, ಬಾರದೆಯೂ ಇರಬಹುದು. ಆದರೆ ಅಲ್ಲಿ ಬೀಳಲು ಕಲಿತ ಹುಡುಗ ರಸ್ತೆಯಲ್ಲಿ ಬೀಳದೆ ಮನೆಗೆ ಬರುತ್ತಾನೆ.